ಕಲ್ಯಾಣ ಪ್ರಾಂತದಲ್ಲಿ ಬಾಣಂತಿಯ ಆಹಾರವೂ ದೇಹಭಾರವೂ

ಕಲ್ಯಾಣದ ಚಾಳುಕ್ಯರನ್ನು ಕುರಿತು ವಿದ್ವಾಂಸರು ಇದುವರೆಗೆ ಬರೆದಿರುವುದು ಬಹುಮಟ್ಟಿಗೆ ಅರಮನೆ, ರಣರಂಗ, ದೇವಾಲಯ ಮತ್ತು ದತ್ತಿಗಳಿಗೆ ಸಂಬಂಧಿಸಿದುದು. ಶಾಸನಗಳು ಹೇಳುವುದು ಅದನ್ನೇ ಆದುದರಿಂದ ಇದಕ್ಕಾಗಿ ಅವರನ್ನು ದೂಷಿಸಲಾಗದು. ಆದರೆ ಅದೇ ನೆಲದಲ್ಲಿ, ಅದೇ ಶತಮಾನಗಳುದ್ದಕ್ಕೂ, ಮನೆಯೊಳಗಿನ ಒಂದು ಕತ್ತಲೆಯ ಕೋಣೆಯಲ್ಲಿ ಇನ್ನೊಂದು ಇತಿಹಾಸ ನಡೆಯುತ್ತ ಬಂದಿದೆ. ಅದು ಬಾಣಂತಿಯ ಕೋಣೆ. ಅಲ್ಲಿ ಯಾರು ಏನನ್ನು ಉಂಡರು, ಏನನ್ನು ಉಣ್ಣಬಾರದೆಂದು ತಡೆಯಲ್ಪಟ್ಟರು, ಉಂಡದ್ದು ಮೈಗೆ ಹತ್ತಿತೋ ಹಾಲಾಗಿ ಹರಿಯಿತೋ ಎಂಬ ಪ್ರಶ್ನೆಗಳು ಇತಿಹಾಸಕಾರನಿಗೆ ಸಲ್ಲದವೆಂದು ನಾವು ಭಾವಿಸುವುದಿಲ್ಲ.

ಈ ವಿಚಾರವನ್ನು ಈಗ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಹೈದರಾಬಾದಿನಿಂದ ಸೊಲ್ಲಾಪುರ, ಪುಣೆಗಳ ಕಡೆಗೆ ಹೋಗುವ ಹೆದ್ದಾರಿಯ ಮೇಲಿರುವ ಮನ್ನಾಏಖೇಳ್ಳಿ, ಹುಮನಾಬಾದ, ಬಸವಕಲ್ಯಾಣಗಳಂಥ ಊರುಗಳಲ್ಲಿ ಇಂದು ಎರಡು ಬಗೆಯ ಬಾಣಂತಿಯರನ್ನು ಒಂದೇ ಓಣಿಯಲ್ಲಿ ಕಾಣಬಹುದು. ಒಬ್ಬಳು ಹೆರಿಗೆಯ ನಂತರ ಏರಿದ ಭಾರವನ್ನು ಕಂಡು ಹೆದರಿ, ಎರಡನೆಯ ತಿಂಗಳಲ್ಲಿಯೇ ರಾತ್ರಿಯ ಊಟವನ್ನು ಬಿಡುತ್ತಾಳೆ. ಇನ್ನೊಬ್ಬಳು ಪೂರ್ತಿ ಊಟ ಸಿಕ್ಕದೆ, ರಕ್ತಹೀನತೆಯಿಂದ ಬಿಳಿಚಿಕೊಂಡು, ಮೂರನೆಯ ತಿಂಗಳಲ್ಲಿ ಹೊಲದ ಕೆಲಸಕ್ಕೆ ಇಳಿಯುತ್ತಾಳೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ಕರ್ನಾಟಕದ ವಯಸ್ಕ ಸ್ತ್ರೀಯರಲ್ಲಿ ಸುಮಾರು ಶೇಕಡಾ 30 ಮಂದಿ ಅಧಿಕಭಾರದವರೆಂದೂ ಸುಮಾರು ಶೇಕಡಾ 17 ಮಂದಿ ಕೃಶರೆಂದೂ ತಿಳಿಸುತ್ತದೆ. ಇಬ್ಬರಿಗೂ ಹಿರಿಯರು ಹೇಳುವ ಪಥ್ಯ ಒಂದೇ; ಇಬ್ಬರಿಗೂ ಪಟ್ಟಣದಿಂದ ಬರುವ ಹೊಸ ಉಪದೇಶವೂ ಒಂದೇ. ಈ ಎರಡು ಉಪದೇಶಗಳ ಬೇರು ಎಲ್ಲಿದೆ, ಅವು ಯಾರ ದೇಹವನ್ನು ಎದುರಿಗಿಟ್ಟುಕೊಂಡು ಹುಟ್ಟಿದವು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಭಾರದ ಮಾತು. ಮನುಷ್ಯನ ದೇಹವನ್ನು ತಕ್ಕಡಿಗೆ ಏರಿಸುವುದು ನಮ್ಮ ನಾಡಿಗೆ ಅಪರಿಚಿತವಾಗಿರಲಿಲ್ಲ. ರಾಷ್ಟ್ರಕೂಟ ಮೂರನೆಯ ಇಂದ್ರನು ಕ್ರಿ. ಶ. 915ರ ಸುಮಾರಿಗೆ ತನ್ನ ಪಟ್ಟಬಂಧದ ಸಂದರ್ಭದಲ್ಲಿ ಕುರುಂದಕದಲ್ಲಿ ತುಲಾಪುರುಷ ದಾನವನ್ನು ಮಾಡಿದುದು ತಾಮ್ರಶಾಸನದಿಂದ ವಿದಿತವಾಗಿದೆ. ಆದರೆ ಆ ತೂಕ ಅರಸನದು, ಅದರ ಪ್ರಯೋಜನ ದಾನದ ಚಿನ್ನವನ್ನು ಅಳೆಯುವುದು. ಭಾರ ಹೆಚ್ಚಿದಷ್ಟೂ ಪುಣ್ಯ ಹೆಚ್ಚು ಎಂಬ ಆ ಲೆಕ್ಕದಲ್ಲಿ ಇಳಿಸುವ ಪ್ರಶ್ನೆಯೇ ಏಳುವಂತಿಲ್ಲ! ಸಾಮಾನ್ಯ ಸ್ತ್ರೀಯ ಭಾರವನ್ನು ಅಳೆಯುವ ಪದ್ಧತಿ ಆಸ್ಪತ್ರೆಗಳೂ ತಾಯಿಮಕ್ಕಳ ಕಲ್ಯಾಣ ಕೇಂದ್ರಗಳೂ ಬಂದ ಮೇಲಿನದು. ಅದಕ್ಕೆ ಮುಂಚೆ ಹಿರಿಯ ಹೆಂಗಸರು ನೋಡುತ್ತಿದ್ದುದು ಬಳೆಯ ಸಡಿಲು, ಕುಪ್ಪಸದ ಬಿಗಿ, ಮುಖದ ಕಳೆ ಮತ್ತು ಕೂಸಿನ ತೊಡೆ. ಇವು ಒರಟು ಮಾನಗಳೇ ಸರಿ. ಆದರೂ ಕೂಸಿನ ತೊಡೆಯನ್ನು ನೋಡಿ ತಾಯಿಯ ಊಟವನ್ನು ನಿಶ್ಚಯಿಸುವ ಬುದ್ಧಿಯನ್ನು ನಾವು ಹಗುರವಾಗಿ ಕಾಣಲಾರೆವು. ಇಂದಿನ ವೈದ್ಯರೂ ತಾಯಿಯ ಭಾರ ಇಳಿಯುತ್ತಿರುವಾಗ ಮಗುವಿನ ಭಾರ ಏರುತ್ತಿದೆಯೇ ಎಂಬುದನ್ನೇ ಮೊದಲು ನೋಡುತ್ತಾರೆ.

ಇನ್ನು ಗ್ರಂಥಾಧಾರಗಳು. ಕಲ್ಯಾಣದ ಚಾಳುಕ್ಯರ ಕಾಲವು ಇಂಥ ಲೌಕಿಕ ವಿದ್ಯೆಗಳಿಗೆ ಹೆಸರಾದುದು. ಇಮ್ಮಡಿ ಜಯಸಿಂಹನ ಆಶ್ರಯದಲ್ಲಿದ್ದ ಎರಡನೆಯ ಚಾವುಂಡರಾಯನು 1025ರಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಜಲಶೋಧನೆ, ವೃಕ್ಷಾಯುರ್ವೇದ, ಸುಗಂಧ, ವಿಷವೈದ್ಯಗಳೊಡನೆ ಸೂಪಶಾಸ್ತ್ರವೂ ಸೇರಿದೆ. ಆರನೆಯ ವಿಕ್ರಮಾದಿತ್ಯನ ಸಹೋದರನಾದ ಕೀರ್ತಿವರ್ಮನು ‘ಗೋವೈದ್ಯ’ವನ್ನು ಬರೆದನು, ಕನ್ನಡದ ಅರಸುಕುವರನೊಬ್ಬನು ಆಕಳಿನ ರೋಗಗಳನ್ನು ಕುರಿತು ಗ್ರಂಥ ರಚಿಸಿದುದು ಸಾಮಾನ್ಯ ಸಂಗತಿಯಲ್ಲ. ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ (1129) ಅನ್ನಭೋಗದ ಅಧ್ಯಾಯವಂತೂ ಇಡ್ಡರಿಕಾ, ಧೋಸಕ, ಮಂಡಕ ಮೊದಲಾದ ಭಕ್ಷ್ಯಗಳಿಂದ ಪ್ರಸಿದ್ಧವಾಗಿದೆ. ಆದರೆ ಅದು ಅರಸನು ಉಣ್ಣುವ ಊಟ. ಅದರಿಂದ ಜೋಳದ ರೊಟ್ಟಿಯನ್ನು ಉಣ್ಣುವ ಮನೆಯ ಬಾಣಂತಿಯನ್ನು ಊಹಿಸಿಕೊಳ್ಳುವುದು ಅಪಾಯಕರ.

ಬಾಣಂತಿಯ ವಿಷಯಕ್ಕೆ ನೇರವಾಗಿ ಸಲ್ಲುವುದು ಸಂಸ್ಕೃತದ ವೈದ್ಯಸಂಹಿತೆಗಳು. ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಸೂತಿಕೆಗೆ ಹಸಿವಾದುದನ್ನು ತಿಳಿದ ಮೇಲೆ ಹಿಪ್ಪಲಿ, ಶುಂಠಿ ಮೊದಲಾದ ದ್ರವ್ಯಗಳ ಪುಡಿಯೊಡನೆ ತುಪ್ಪವನ್ನೋ ಎಣ್ಣೆಯನ್ನೋ ಕುಡಿಸಬೇಕೆಂದೂ, ಹೊಟ್ಟೆಗೆ ಸ್ನೇಹವನ್ನು ಸವರಿ ಅಗಲವಾದ ಬಟ್ಟೆಯಿಂದ ಕಟ್ಟಬೇಕೆಂದೂ, ಕುಡಿದದ್ದು ಜೀರ್ಣವಾದ ಮೇಲೆ ತೆಳುವಾದ ಗಂಜಿಯನ್ನು ಕೊಡಬೇಕೆಂದೂ ಹೇಳಿದೆ. ಐದು ಅಥವಾ ಏಳು ರಾತ್ರಿ ಹೀಗೆ ನಡೆಸಿದ ಮೇಲೆಯೇ ಕ್ರಮಕ್ರಮವಾಗಿ ಪುಷ್ಟಿಯನ್ನು ತುಂಬಬೇಕು. ಇಲ್ಲಿ ಪದೇ ಪದೇ ಬರುವ ಷರತ್ತನ್ನು ಓದುಗರು ಗಮನಿಸಬೇಕು: ಹಸಿವು ಮೊದಲು, ತುಪ್ಪ ಆಮೇಲೆ, ಅರಗುವ ಶಕ್ತಿ ಎಷ್ಟೋ ಅಷ್ಟೇ ಸ್ನೇಹ. ನಮ್ಮ ಮನೆಗಳ ರೂಢಿಯಲ್ಲಿ ತುಪ್ಪ ಉಳಿಯಿತು, ಷರತ್ತು ಬಿಟ್ಟುಹೋಯಿತು.

ಇನ್ನೂ ಮಹತ್ತ್ವದ ಮಾತು ದೇಶಭೇದದ್ದು. ಸುಶ್ರುತನು ಸೂತಿಕೆಗೆ ತುಪ್ಪ ಅಥವಾ ಎಣ್ಣೆಯ ಪಾನವನ್ನು ವಿಧಿಸುವಾಗ ಬರಡು ನೆಲದಲ್ಲಿ ಹುಟ್ಟಿ ಬೆಳೆದವಳನ್ನು ಪ್ರತ್ಯೇಕವಾಗಿ ಹೆಸರಿಸುತ್ತಾನೆ. ನೇಪಾಳದಲ್ಲಿ ದೊರೆತು 1938ರಲ್ಲಿ ಮುದ್ರಣಗೊಂಡ ಕಾಶ್ಯಪಸಂಹಿತೆಯು ಇದನ್ನು ವಿಸ್ತರಿಸಿ, ನೀರು ಹೆಚ್ಚಾಗಿರುವ ಆನೂಪ ದೇಶದವಳಿಗೆ ಮೊದಲು ಸ್ನೇಹವನ್ನು ಕೊಡದೆ ಗಂಜಿಯ ತಿಳಿಯನ್ನೇ ಕೊಡಬೇಕೆಂದೂ, ಜಾಂಗಲ ದೇಶದವಳಿಗೆ ಸ್ನೇಹವು ಹಿತವೆಂದೂ ವಿಂಗಡಿಸುತ್ತದೆ. ಅಂದರೆ ತುಪ್ಪದ ಪಥ್ಯವು ಸಕಲ ಸ್ತ್ರೀಯರಿಗೂ ಸರ್ವಕಾಲದಲ್ಲೂ ಹೇಳಿದ ಮಂತ್ರವಲ್ಲ. ಅದು ಒಣನೆಲದ, ಒಣಮೈಯ, ದುಡಿಯುವ ಹೆಂಗಸಿಗೆ ಹೇಳಿದುದು. ಬೀದರ ಜಿಲ್ಲೆಯ ಪ್ರಸ್ಥಭೂಮಿ, ಕೆಂಪುಮಣ್ಣು, ಮಳೆಯನ್ನೇ ನಂಬಿದ ಜೋಳ, ತೊಗರಿ, ಉದ್ದಿನ ಬೆಳೆ ಇವನ್ನು ಕಂಡವರಿಗೆ ಆ ಪಥ್ಯ ಇಲ್ಲಿ ಏಕೆ ಭದ್ರವಾಗಿ ನೆಲೆನಿಂತಿತೆಂಬುದನ್ನು ವಿವರಿಸಬೇಕಾಗಿಲ್ಲ.

ಬಾಣಂತಿಯು ಪ್ರತ್ಯೇಕವಾಗಿರುವುದು ಸೂತಕದ ಕಾರಣದಿಂದ ಮಾತ್ರವೆಂದು ಕೆಲವರು ಬರೆದಿದ್ದಾರೆ. ಈ ಅಭಿಪ್ರಾಯಕ್ಕೆ ನಾವು ಸಮ್ಮತಿಸಲಾರೆವು. ಹನ್ನೆರಡನೆಯ ಶತಮಾನದಲ್ಲಿ ಇದೇ ಕಲ್ಯಾಣದಲ್ಲಿ ಶರಣರು ಜನನಸೂತಕವೂ ಸೇರಿದಂತೆ ಪಂಚಸೂತಕಗಳನ್ನು ನಿರಾಕರಿಸಿದರು. ಅವರ ಪರಂಪರೆಯ ಮನೆಗಳಲ್ಲಿ ಮೈಲಿಗೆಯ ತರ್ಕವು ತತ್ತ್ವತಃ ಬಿದ್ದುಹೋಯಿತು. ಆದರೂ ಆ ಮನೆಗಳಲ್ಲಿ ಹೊರಸಿನ ಕೆಳಗಿನ ಕೆಂಡ, ಬಿಸಿನೀರಿನ ಎರೆತ, ಹೊಟ್ಟೆ ಕಟ್ಟುವ ಬಟ್ಟೆ, ಅಂಟಿನ ಉಂಡಿ ಇವು ಉಳಿದುಕೊಂಡವು. ತಳಹದಿಯೇ ಸೂತಕವಾಗಿದ್ದರೆ ಸೂತಕದೊಡನೆ ಅವೂ ಹೋಗಬೇಕಾಗಿತ್ತು. ಆದುದರಿಂದ ಈ ಆಚಾರದ ಜೀವಾಳ ವೈದ್ಯಕ್ಕೂ ದುಡಿಮೆಗೂ ಸಂಬಂಧಿಸಿದುದು, ಮೈಲಿಗೆಯು ಅದರ ಮೇಲೆ ಹೊದಿಸಿದ ಹೊದಿಕೆ ಎಂದು ಊಹಿಸಲು ಅವಕಾಶವಿದೆ.

ದುಡಿಮೆಯ ಮಾತನ್ನು ಇನ್ನಷ್ಟು ಬಿಡಿಸಿ ನೋಡಬೇಕು. ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದುದು ಸರ್ವವಿದಿತ. ಆ ಸ್ಮೃತಿಯು ಮಕ್ಕಳು, ವೃದ್ಧರು, ಗರ್ಭಿಣಿಯರು, ರೋಗಿಗಳು, ಅತಿಥಿಗಳು, ಸೇವಕರು ಇವರಿಗೆ ಮೊದಲು ಉಣಿಸಿ, ಉಳಿದುದನ್ನು ಗೃಹಸ್ಥ ದಂಪತಿಗಳು ಉಣ್ಣಬೇಕೆಂದು ವಿಧಿಸುತ್ತದೆ. ವಿಧಿ ದಂಪತಿಗಳಿಬ್ಬರಿಗೂ ಸಮಾನವಾಗಿಯೇ ಇದೆ. ಆಚರಣೆಯಲ್ಲಿ ಮಾತ್ರ ಕೊನೆಗೆ ಉಳಿದವಳು ಹೆಂಡತಿ. ಬುಟ್ಟಿಯ ತಳದಲ್ಲಿ ರೊಟ್ಟಿ ಉಳಿದಷ್ಟು ಅವಳ ಊಟ. ಆ ಹೆಂಗಸಿನ ಬಾಳಿನಲ್ಲಿ ಎಲ್ಲರಿಗಿಂತ ಮೊದಲು, ಬಿಸಿಯಾಗಿ, ತುಪ್ಪ ಹಾಕಿಸಿಕೊಂಡು, ಕುಳಿತಲ್ಲಿಯೇ ಉಣ್ಣುವ ಕಾಲವೆಂದರೆ ಚೊಚ್ಚಲ ಹೆರಿಗೆಯ ನಂತರ ತವರುಮನೆಯಲ್ಲಿ ಕಳೆಯುವ ಮೂರು ಅಥವಾ ಐದು ತಿಂಗಳು. ಗಂಡನ ಮನೆಗೆ ಮರಳಿದೊಡನೆ ಬೀಸುಕಲ್ಲು, ನೀರಿನ ಕೊಡ, ಹೊಲದ ಕಳೆ ಅವಳಿಗಾಗಿ ಕಾದಿರುತ್ತಿದ್ದವು. ತವರಿನಲ್ಲಿ ಮೈಗೆ ಹತ್ತಿದ ಕೊಬ್ಬು ಆಭರಣವಲ್ಲ, ಬರಲಿರುವ ಬಡತನದ ತಿಂಗಳುಗಳಿಗೆ ಕೂಡಿಟ್ಟ ಗಂಟು. ಅದು ಕರಗುವುದಕ್ಕೆ ಯಾವ ಪ್ರತ್ಯೇಕ ವ್ರತವೂ ಬೇಕಾಗಿರಲಿಲ್ಲ, ಬೀಸುಕಲ್ಲೇ ಕರಗಿಸುತ್ತಿತ್ತು.

ಭಾಷೆಗಳ ಕೂಡುನೆಲವಾದ ಈ ಪ್ರಾಂತದಲ್ಲಿ ಪಥ್ಯದ ಹೆಸರುಗಳೂ ಕೂಡಿಕೊಂಡಿವೆ. ಕನ್ನಡದ ಬಾಣಂತಿ ಅಥವಾ ಬಾಳಂತಿ ಮರಾಠಿಯಲ್ಲಿ ಬಾಳಂತೀಣ. ಸಬ್ಬಸಿಗೆಯ ಬೀಜಕ್ಕೆ ಮರಾಠಿಯಲ್ಲಿ ಬಾಳಂತಶೇಪಾ ಎಂದೇ ಹೆಸರು. ಅಳವಿಯ ಬೀಜವು ಮರಾಠಿಗರಿಗೆ ಅಹಳೀವ, ದಖ್ಖನಿ ಮಾತಾಡುವವರಿಗೆ ಹಲೀಮ್. ಬಹಮನಿ ಸುಲ್ತಾನ ಅಹಮದ್ ಶಹನು ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿಯನ್ನು ಗುಲಬರ್ಗಾದಿಂದ ಬೀದರಕ್ಕೆ ತಂದ ಮೇಲೆ ಯುನಾನಿ ವೈದ್ಯವೂ ಇಲ್ಲಿ ಬೇರೂರಿತು. ಆಯುರ್ವೇದದ ಉಷ್ಣ–ಶೀತಗಳೂ ಯುನಾನಿಯ ಗರಮ್–ಸರ್ದಗಳೂ ಅಡುಗೆಮನೆಯಲ್ಲಿ ಸಲೀಸಾಗಿ ಒಂದಾದವು. ದಖ್ಖನಿನ ಮುಸಲ್ಮಾನರ ಆಚಾರಗಳನ್ನು ಕುರಿತು ಜಾಫರ್ ಷರೀಫನು ಬರೆದು, ಹರ್ಕ್ಲಾಟ್ಸನು ಭಾಷಾಂತರಿಸಿ 1832ರಲ್ಲಿ ಪ್ರಕಟಿಸಿದ ‘ಕಾನೂನ್–ಎ–ಇಸ್ಲಾಂ’ ಗ್ರಂಥವು ಗರ್ಭ, ಪ್ರಸವಗಳಿಂದಲೇ ಆರಂಭವಾಗುತ್ತದೆ. ನಲವತ್ತನೆಯ ದಿನದ ಚಿಲ್ಲಾ ಅದರಲ್ಲಿ ವಿವರಿಸಲ್ಪಟ್ಟಿದೆ. ಸುಶ್ರುತನು ಹೇಳುವ ನಿಯಮದ ಅವಧಿ ಒಂದೂವರೆ ತಿಂಗಳು. ಇಂದಿನ ವೈದ್ಯರು ಗರ್ಭಾಶಯವು ಪೂರ್ವಸ್ಥಿತಿಗೆ ಬರಲು ಎಣಿಸುವುದು ಆರು ವಾರ. 45, 40, 42 – ಮೂರು ಬೇರೆ ಬೇರೆ ದಾರಿಗಳಿಂದ ಬಂದ ಎಣಿಕೆಗಳು ಇಷ್ಟು ಹತ್ತಿರದಲ್ಲಿ ನಿಂತಿರುವುದು ಗಮನಾರ್ಹ. ಈ ಅವಧಿಯಲ್ಲಿ ಮೈ ಇಳಿಸುವ ಮಾತನ್ನು ಯಾರೂ ಎತ್ತಲಿಲ್ಲ. ಇಂದಿನ ವೈದ್ಯರೂ ಹಾಲಿನ ಹರಿವು ನಿಲೆಗೆ ಬರುವವರೆಗೆ, ಸುಮಾರು ಆರರಿಂದ ಎಂಟು ವಾರ, ಆ ಪ್ರಯತ್ನ ಬೇಡವೆಂದೇ ಸಾಮಾನ್ಯವಾಗಿ ಹೇಳುತ್ತಾರೆ.

ಅಂಟಿನ ಉಂಡಿಯನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ. ಇತಿಹಾಸಕಾರನಿಗೆ ಗಣಿತ ನಿಷಿದ್ಧವಲ್ಲ. ತುಪ್ಪದಲ್ಲಿ ಹುರಿದ ಅಂಟು, ಒಣ ಕೊಬ್ಬರಿ, ಉತ್ತತ್ತಿ, ಗಸಗಸೆ, ಒಣಶುಂಠಿ, ಬೆಲ್ಲ ಇವುಗಳಿಂದ ಕಟ್ಟಿದ 40 ಗ್ರಾಮಿನ ಉಂಡಿಯಲ್ಲಿ ಸುಮಾರು 200 ಕಿಲೊಕ್ಯಾಲೊರಿಗಳಷ್ಟು ಶಕ್ತಿಯಿರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾನದಂಡದಂತೆ ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600, ಮುಂದಿನ ಆರು ತಿಂಗಳು 520 ಕಿಲೊಕ್ಯಾಲೊರಿಗಳು ಹೆಚ್ಚಾಗಿ ಬೇಕು. ಹಗುರ ಕೆಲಸದ ಸ್ತ್ರೀಗೆ ಅದೇ ಸಂಸ್ಥೆ ಹೇಳುವ ಮೂಲ ಅಂಶ 1660, ಮಧ್ಯಮ ಕೆಲಸದವಳಿಗೆ 2130, ಕಠಿಣ ಕೆಲಸದವಳಿಗೆ 2720. ಹಾಗಾದರೆ ದಿನಕ್ಕೆ ಮೂರು ಉಂಡಿಗಳು ಬೇಕಾದ ಹೆಚ್ಚಳವನ್ನು ಪೂರ್ತಿಯಾಗಿ ತುಂಬಿಕೊಡುತ್ತವೆ. ಅಜ್ಜಿಯರ ಅಂದಾಜು ತಪ್ಪಾಗಿರಲಿಲ್ಲ. ತೊಡಕಾದುದು ಬೇರೆ ಕಡೆ. ರೊಟ್ಟಿಗೂ ತುಪ್ಪ, ಅನ್ನಕ್ಕೂ ತುಪ್ಪ, ಅದರ ಮೇಲೆ ಉಂಡಿ, ಮಧ್ಯೆ ಬೇಕರಿಯ ಬ್ರೆಡ್ಡು ಬಿಸ್ಕತ್ತುಗಳು, ಇಷ್ಟೆಲ್ಲ ಸೇರಿ, ಮೂಲದ ಕೆಲಸ ಕಠಿಣದಿಂದ ಹಗುರಕ್ಕೆ ಇಳಿದಾಗ, ಅದೇ ಮೂರು ಉಂಡಿಗಳು ಮೈಮೇಲೆ ಉಳಿಯುತ್ತವೆ. ಬೀಸುಕಲ್ಲಿನ ಜಾಗಕ್ಕೆ ಗಿರಣಿ, ಬಾವಿಯ ಜಾಗಕ್ಕೆ ನಳ ಬಂದುದು ಹೆಂಗಸರ ಪಾಲಿಗೆ ನಿಜವಾದ ಬಿಡುಗಡೆ. ಆದರೆ 2720ರಿಂದ 1660ಕ್ಕೆ ಇಳಿದ ಆ ಸಾವಿರ ಕಿಲೊಕ್ಯಾಲೊರಿಗಳ ಅಂತರವನ್ನು ಪಥ್ಯದ ಸಂಪ್ರದಾಯವು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಹಾಲು ಮತ್ತು ಮೈಕೊಬ್ಬುಗಳ ಸಂಬಂಧವನ್ನು ಆಧುನಿಕ ವಿಜ್ಞಾನವು ಸ್ಪಷ್ಟವಾಗಿ ಅಳೆದಿದೆ. ಸಂಯುಕ್ತ ರಾಷ್ಟ್ರಗಳ ಆಹಾರ ಮತ್ತು ಆರೋಗ್ಯ ಸಂಸ್ಥೆಗಳ 2004ರ ವರದಿಯಂತೆ ಮೊದಲ ಆರು ತಿಂಗಳು ತಾಯಿಯು ದಿನಕ್ಕೆ ಸರಾಸರಿ 800 ಗ್ರಾಮಿನಷ್ಟು ಹಾಲನ್ನು ಉತ್ಪಾದಿಸುತ್ತಾಳೆ; ಅದಕ್ಕೆ ತಗಲುವ ಶಕ್ತಿ ಸುಮಾರು 675 ಕಿಲೊಕ್ಯಾಲೊರಿ. ಇದರಲ್ಲಿ ಸುಮಾರು 170ನ್ನು ಗರ್ಭಕಾಲದಲ್ಲಿ ಸಂಗ್ರಹವಾದ ಕೊಬ್ಬು ಒದಗಿಸುತ್ತದೆ. ಹೀಗೆ ಪುಷ್ಟಳಾದ ತಾಯಿ ಬೇರೇನನ್ನೂ ಮಾಡದೆ ತಿಂಗಳಿಗೆ 0.8 ಕಿಲೊಗ್ರಾಮಿನಷ್ಟು ಇಳಿಯುತ್ತಾಳೆ. ಪ್ರಕೃತಿಯೇ ಏರ್ಪಡಿಸಿದ ಈ ಇಳಿತವನ್ನು ನಮ್ಮ ಹಿರಿಯರು ಅಂಕೆಯಲ್ಲಿ ಅರಿಯದಿದ್ದರೂ ಕಣ್ಣಿನಿಂದ ಅರಿತಿದ್ದರು. ಕೂಸು ಎಳೆದುಕೊಳ್ಳುತ್ತಿದೆ ಎಂಬುದು ಮೈ ಇಳಿದ ಬಾಣಂತಿಯನ್ನು ಕಂಡಾಗ ಆಡುವ ಮಾತು.

ಆದರೆ ಹೆಚ್ಚು ತುಪ್ಪ ಉಂಡರೆ ಹೆಚ್ಚು ಹಾಲು ಎಂಬ ನಂಬಿಕೆಯನ್ನು ಮಾತ್ರ ಕೈಬಿಡಬೇಕಾಗುತ್ತದೆ. ಕೂನೂರಿನ ಪೋಷಣ ಸಂಶೋಧನಾಲಯದಲ್ಲಿ ಸಿ. ಗೋಪಾಲನ್ ಅವರು 1950ರ ದಶಕದಲ್ಲಿ ನಡೆಸಿದ ಅಧ್ಯಯನಗಳು ತೀರ ಬಡ ತಾಯಂದಿರೂ ದೀರ್ಘಕಾಲ ದಿನಕ್ಕೆ ಅರ್ಧ ಲೀಟರಿನ ಆಸುಪಾಸು ಹಾಲೂಡಿಸುತ್ತಿದ್ದುದನ್ನು ತೋರಿಸಿದವು; ಆ ಹಾಲಿನ ಬೆಲೆಯನ್ನು ತೆರುತ್ತಿದ್ದುದು ಅವರ ದೇಹ. ಆಫ್ರಿಕದ ಗ್ಯಾಂಬಿಯದ ಕೆನೆಬಾ ಎಂಬ ಹಳ್ಳಿಯಲ್ಲಿ 1980ರ ಸುಮಾರಿಗೆ ಹಾಲೂಡಿಸುವ ತಾಯಂದಿರಿಗೆ ಹೆಚ್ಚುವರಿ ಆಹಾರವನ್ನು ಕೊಟ್ಟು ನೋಡಿದಾಗ ಹಾಲಿನ ಪ್ರಮಾಣ ಹೆಚ್ಚಲಿಲ್ಲ. ಹಾಲನ್ನು ಹೆಚ್ಚಿಸುವುದು ಮುಖ್ಯವಾಗಿ ಕೂಸು ಮೊಲೆಯನ್ನು ಚೀಪುವ ಕ್ರಿಯೆ. ಉಂಡಿ ಕಾಪಾಡುವುದು ತಾಯಿಯನ್ನು. ಈ ಭೇದವನ್ನು ಮರೆತರೆ, ಮೈ ಏರುತ್ತಿದ್ದರೂ ಹಾಲಿನ ಭಯದಿಂದ ತುಪ್ಪವನ್ನು ಸುರಿಯುತ್ತ ಹೋಗುವ ತಪ್ಪು ನಡೆಯುತ್ತದೆ.

ಇದರ ವಿರುದ್ಧ ದಿಕ್ಕಿನ ತಪ್ಪು ಉಪವಾಸ. ವಾಗ್ಭಟನ ಅಷ್ಟಾಂಗಹೃದಯವು ಹಾಲು ಬತ್ತುವುದಕ್ಕೆ ಶೋಕ, ಕ್ರೋಧ, ಲಂಘನ, ಆಯಾಸ ಎಂಬ ನಾಲ್ಕು ಕಾರಣಗಳನ್ನು ಎಣಿಸುತ್ತದೆ. ಲಂಘನವೆಂದರೆ ಉಪವಾಸ, ಆಯಾಸವೆಂದರೆ ಮಿತಿಮೀರಿದ ದಣಿವು. ಬೀದರ ಪ್ರಾಂತದ ಎರಡೂ ಬಗೆಯ ಬಾಣಂತಿಯರು ಈ ಎರಡು ಪದಗಳೊಳಗೆ ಅಡಗಿದ್ದಾರೆ. ಮತ್ತೊಂದು ಕಡೆ ಚರಕನು ಅತಿಸ್ಥೂಲತೆಯನ್ನೂ ಅತಿಕೃಶತೆಯನ್ನೂ ಒಟ್ಟಿಗೆ ನಿಂದ್ಯವೆಂದು ಎಣಿಸಿ, ಸ್ಥೂಲರಿಗೆ ಹೊಟ್ಟೆಯನ್ನು ತುಂಬುವ ಆದರೆ ಕೊಬ್ಬನ್ನು ಕೂಡಿಸದ ಆಹಾರವನ್ನು ಹೇಳುತ್ತಾನೆ. ಹಾಲೂಡಿಸುವ ಸ್ಥೂಲ ಸ್ತ್ರೀಗೆ ಈ ಎರಡು ಮಾತುಗಳನ್ನು ಕೂಡಿಸಿ ನೋಡುವುದು ನಮ್ಮ ಸ್ವಂತ ಊಹೆ. ಶಾಸ್ತ್ರಕಾರರು ಇವನ್ನು ಬೇರೆ ಬೇರೆ ಸ್ಥಾನಗಳಲ್ಲಿ ಹೇಳಿದ್ದಾರೆ. ಕೂಡಿಸಿದರೆ ಬರುವ ಅರ್ಥ ಇಷ್ಟು: ಊಟವನ್ನು ಬಿಡಬಾರದು, ಊಟದ ಸ್ವರೂಪವನ್ನು ಬದಲಿಸಬೇಕು. ಅದಕ್ಕೆ ಬೇಕಾದ ಸಾಮಗ್ರಿ ಈ ಪ್ರಾಂತದ ತಟ್ಟೆಯಲ್ಲಿಯೇ ಇದೆ. ಜೋಳದ ರೊಟ್ಟಿ, ಸಬ್ಬಸಿಗೆ ಮತ್ತು ಮೆಂತ್ಯದ ಪಲ್ಯ, ಹೆಸರುಬೇಳೆ, ತೊಗರಿಬೇಳೆ, ಮಜ್ಜಿಗೆ, ಉಣ್ಣುವವರಿಗೆ ಮೊಟ್ಟೆ ಮತ್ತು ಮಾಂಸ – ಇವು ಹೊಟ್ಟೆಯನ್ನು ತುಂಬಿಸಿ, ತಾಯಿಗೆ ಬೇಕಾದ ಹೆಚ್ಚುವರಿ ಸಸಾರಜನಕವನ್ನೂ ಒದಗಿಸುತ್ತವೆ. ಇಳಿಸಬೇಕಾದುದು ಎರಡನೆಯ ಮೂರನೆಯ ಚಮಚ ತುಪ್ಪ, ಸಕ್ಕರೆ, ಬೇಕರಿಯ ತಿನಿಸು ಮತ್ತು, ಭಾರ ನಿಜವಾಗಿಯೂ ಹೆಚ್ಚಾಗಿದ್ದರೆ, ಮೂರರಲ್ಲಿ ಎರಡು ಉಂಡಿ.

ಎಷ್ಟು ಇಳಿಸಬಹುದೆಂಬ ಪ್ರಶ್ನೆಗೂ ಪ್ರಯೋಗದ ಆಧಾರವಿದೆ. ಅಮೆರಿಕದಲ್ಲಿ ಲವ್‌ಲೇಡಿ ಮತ್ತು ಅವರ ಸಂಗಡಿಗರು ಅಧಿಕಭಾರದ 40 ಮಂದಿ ಹಾಲೂಡಿಸುವ ತಾಯಂದಿರನ್ನು ಹೆರಿಗೆಯ ನಾಲ್ಕನೆಯ ವಾರದಿಂದ ಹದಿನಾಲ್ಕನೆಯ ವಾರದವರೆಗೆ ಪರೀಕ್ಷಿಸಿ 2000ದಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ದಿನಕ್ಕೆ 500 ಕಿಲೊಕ್ಯಾಲೊರಿ ಕಡಿಮೆ ಉಂಡು, ವಾರಕ್ಕೆ ನಾಲ್ಕು ದಿನ ಮುಕ್ಕಾಲು ಗಂಟೆ ವ್ಯಾಯಾಮ ಮಾಡಿದವರು ಹತ್ತು ವಾರಗಳಲ್ಲಿ ಸರಾಸರಿ 4.8 ಕಿಲೊಗ್ರಾಮ್ ಇಳಿದರು. ಅವರ ಮಕ್ಕಳ ಬೆಳವಣಿಗೆ ಇತರ ಮಕ್ಕಳಂತೆಯೇ ಇತ್ತು. ಅಂದರೆ ವಾರಕ್ಕೆ ಅರ್ಧ ಕಿಲೊ. ಈ ಫಲವು ಅಧಿಕಭಾರದವರಿಗೆ ಮಾತ್ರ ಸಲ್ಲುವುದೆಂಬುದನ್ನು ಮರೆಯಬಾರದು. ಕೃಶಳಾದ ಬಾಣಂತಿಗೆ ಇದನ್ನು ಅನ್ವಯಿಸುವುದು ಅಪರಾಧಕ್ಕೆ ಸಮಾನ. ಅಲ್ಲಿಯ ವೈದ್ಯವಿದ್ವಾಂಸರ ಸಮಿತಿಯೊಂದು 1991ರಲ್ಲಿ ಇನ್ನೂ ಎಚ್ಚರದಿಂದ, ತಿಂಗಳಿಗೆ ಎರಡು ಕಿಲೊಗ್ರಾಮಿನವರೆಗಿನ ಇಳಿತದಿಂದ ಹಾಲಿಗೆ ತೊಂದರೆಯಾಗುವ ಸಂಭವ ಕಡಿಮೆಯೆಂದೂ, ದಿನದ ಆಹಾರವು 1500 ಕಿಲೊಕ್ಯಾಲೊರಿಗಳಿಗಿಂತ ಕೆಳಗೆ ಹೋಗಬಾರದೆಂದೂ ಹೇಳಿತು. ಮೈ ಇಳಿಸುವ ಮಾತ್ರೆಗಳು, ದ್ರವಾಹಾರದ ವ್ರತಗಳು ಹಾಲೂಡಿಸುವವಳಿಗೆ ಸಲ್ಲವು. ಶಸ್ತ್ರಕ್ರಿಯೆಯ ಹೆರಿಗೆಯಾದವಳು ನಡಿಗೆಯನ್ನು ಬಿಟ್ಟು ಬೇರೆ ವ್ಯಾಯಾಮಕ್ಕೆ ವೈದ್ಯರ ಒಪ್ಪಿಗೆಯನ್ನು ಪಡೆಯಬೇಕು.

ಈ 1500 ಎಂಬ ಅಂಕೆ ನಮಗೆ ಇನ್ನೊಂದು ಸಂಗತಿಯನ್ನು ನೆನಪಿಗೆ ತರುತ್ತದೆ. 1876–78ರ ಮಹಾಕ್ಷಾಮದಲ್ಲಿ ಸರ್ ರಿಚರ್ಡ್ ಟೆಂಪಲ್ಲನು 1877ರಲ್ಲಿ ಬ್ರಿಟಿಷ್ ಆಡಳಿತದ ಜಿಲ್ಲೆಗಳ ಕ್ಷಾಮಕಾಮಗಾರಿಗಳಲ್ಲಿ ದುಡಿಯುವವನ ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಅಲ್ಪ ಚಿಲ್ಲರೆಯ ಲೆಕ್ಕಕ್ಕೆ ಇಳಿಸಿದನು. ಒಂದು ಪೌಂಡು ಧಾನ್ಯವೆಂದರೆ 450 ಗ್ರಾಮ್, ಅದರ ಶಕ್ತಿ ಹೆಚ್ಚುಕಡಿಮೆ 1500 ಕಿಲೊಕ್ಯಾಲೊರಿ. ಮದರಾಸಿನ ಆರೋಗ್ಯಾಧಿಕಾರಿಯಾಗಿದ್ದ ಕಾರ್ನಿಷನು ಇದು ದುಡಿಯುವ ದೇಹವನ್ನು ಸವೆಸುವ ಅನ್ನವೆಂದು ತೀವ್ರವಾಗಿ ಪ್ರತಿಭಟಿಸಿದನು. ಬಳ್ಳಾರಿ, ಧಾರವಾಡ, ಕಲಾದಗಿ ಜಿಲ್ಲೆಗಳ ಜನ ಆ ಕ್ಷಾಮದಲ್ಲಿ ಪಟ್ಟ ಪಾಡು ಪ್ರಸಿದ್ಧವಾಗಿದೆ. ಇಂದು ಪಟ್ಟಣದ ಬಾಣಂತಿಯೊಬ್ಬಳು ರಾತ್ರಿಯ ಊಟವನ್ನೂ ಬೆಳಗಿನ ಉಪಾಹಾರವನ್ನೂ ಬಿಟ್ಟರೆ, ಟೆಂಪಲ್ಲನ ಕೂಲಿಗಿಂತಲೂ ಕೆಳಗಿನ ಮಟ್ಟಕ್ಕೆ ತಾನಾಗಿಯೇ ಇಳಿದಂತಾಗುತ್ತದೆ, ಅದೂ ಇನ್ನೊಂದು ಜೀವವನ್ನು ಹೊರೆಯುತ್ತಿರುವಾಗ.

ಹಳೆಯ ಪಥ್ಯದಲ್ಲಿ ಕೈಬಿಡಬೇಕಾದ ಅಂಶಗಳೂ ಇವೆ; ಅವನ್ನು ಸಂಪ್ರದಾಯಾಭಿಮಾನದಿಂದ ಮುಚ್ಚಿಡಲಾಗದು. ಕೆಲವು ಮನೆಗಳಲ್ಲಿ ಬಾಣಂತಿಗೆ ನೀರನ್ನು ಅಳೆದು ಕೊಡುವ ರೂಢಿ ಈಗಲೂ ಇದೆ. ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಹಾಲನ್ನು ಕೊಡುವ ದೇಹಕ್ಕೆ ನೀರನ್ನು ನಿರಾಕರಿಸುವುದಕ್ಕೆ ಆಧಾರವಿಲ್ಲ. ಹಣ್ಣು, ಸೊಪ್ಪುಗಳನ್ನು ಶೀತವೆಂದು ನಿಷೇಧಿಸುವುದೂ ಹಾಗೆಯೇ. ಮೊದಲ ದಿನಗಳ ಗಿಣ್ಣುಹಾಲನ್ನು ಚೆಲ್ಲುವ ಪದ್ಧತಿ ಇವೆಲ್ಲಕ್ಕಿಂತ ಕೆಟ್ಟದ್ದು. ಹೊಟ್ಟೆ ಕಟ್ಟುವ ಬಟ್ಟೆಯು ಸೊಂಟಕ್ಕೆ ಆಸರೆಯನ್ನು ಕೊಡಬಹುದು, ಕೊಬ್ಬನ್ನು ಕರಗಿಸುವುದಿಲ್ಲ. ಚರಕನೂ ಅದನ್ನು ವಾಯುವಿನ ನಿವಾರಣೆಗೆ ಹೇಳಿದನೇ ಹೊರತು ಮೈಮಾಟಕ್ಕಲ್ಲ. ಮುಚ್ಚಿದ ಕೋಣೆಯ ಕೆಂಡದ ಹೊಗೆಯನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ.

ಈ ಜ್ಞಾನವನ್ನು ಹೊತ್ತು ತಂದವರು ಸೂಲಗಿತ್ತಿಯರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ದೊರೆತಾಗ, ಹದಿನೈದು ಸಾವಿರಕ್ಕೂ ಮಿಕ್ಕಿ ಹೆರಿಗೆಗಳನ್ನು ಮಾಡಿಸಿದ ಅವರ ಮೂಲಕ ಆ ಇಡೀ ವರ್ಗಕ್ಕೆ ತಡವಾಗಿಯಾದರೂ ಮನ್ನಣೆ ಬಂದಿತು; ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಹೆರಿಗೆಯು ಆಸ್ಪತ್ರೆಗೆ ಹೋದ ಮೇಲೆ ಸೂಲಗಿತ್ತಿಯ ಕೈ ಮರೆಯಾಯಿತು. ಆದರೆ ಮನೆಗೆ ಮರಳಿದ ಬಾಣಂತಿಯ ತಟ್ಟೆಯನ್ನು ನೋಡುವ ಕೆಲಸವನ್ನು ಆಸ್ಪತ್ರೆ ವಹಿಸಿಕೊಂಡಿಲ್ಲ.

ಸರ್ಕಾರವು ಆ ಕೆಲಸಕ್ಕೆ ಕೈಹಾಕಿದ ಸಂದರ್ಭವೊಂದಿದೆ. ಅಂಗನವಾಡಿಗಳ ಯೋಜನೆ 2 ಅಕ್ಟೋಬರ್ 1975ರಂದು ದೇಶದ 33 ಕಡೆಗಳಲ್ಲಿ ಆರಂಭವಾದಾಗ ನಮ್ಮ ರಾಜ್ಯದಲ್ಲಿ ತಿರುಮಕೂಡಲು ನರಸೀಪುರವನ್ನು ಆರಿಸಲಾಗಿತ್ತು. ಅದೇ ಅಂಗನವಾಡಿಗಳ ಮೂಲಕ ಕರ್ನಾಟಕವು ಅಕ್ಟೋಬರ್ 2017ರಲ್ಲಿ ಮಾತೃಪೂರ್ಣ ಯೋಜನೆಯನ್ನು ರಾಜ್ಯಾದ್ಯಂತ ಜಾರಿಗೆ ತಂದಿತು. ಗರ್ಭಿಣಿಗೂ, ಹೆರಿಗೆಯಾದ ಆರು ತಿಂಗಳವರೆಗೆ ಬಾಣಂತಿಗೂ ದಿನಕ್ಕೊಂದು ಬಿಸಿಯೂಟ, ಹಾಲು, ಮೊಟ್ಟೆ, ಕಡಲೆಚಿಕ್ಕಿ ಮತ್ತು ಕಬ್ಬಿಣಾಂಶದ ಗುಳಿಗೆ ಕೊಡುವುದು ಅದರ ಸ್ವರೂಪ. ಕೃಶ ಬಾಣಂತಿಗೆ ಇದು ಅನ್ನ. ಸ್ಥೂಲ ಬಾಣಂತಿಗೆ ಅಂಗನವಾಡಿಗೆ ನಡೆದುಹೋಗಿ ಬರುವುದೂ ಸೇರಿ ಒಳ್ಳೆಯ ಪಥ್ಯ. ಆದರೆ ಊಟವನ್ನು ಅಂಗನವಾಡಿಯಲ್ಲಿಯೇ ಕುಳಿತು ಉಣ್ಣಬೇಕೆಂಬ ನಿಯಮವು ಹೊಸ್ತಿಲ ಬಳಿ ತಡೆಗೊಂಡಿತು. ನಲವತ್ತು ದಿನ ತುಂಬದ ಬಾಣಂತಿಯನ್ನು ಹೊರಗೆ ಕಳಿಸಲು ಮನೆಯವರು ಒಪ್ಪಲಿಲ್ಲ. ಅವಳ ಪಾಲಿನ ಊಟವನ್ನು ಡಬ್ಬಿಯಲ್ಲಿ ಮನೆಗೆ ತಂದರೆ ಅದನ್ನು ಮನೆಮಂದಿಯೆಲ್ಲ ಹಂಚಿಕೊಂಡಾರೆಂಬ ಶಂಕೆ ಅಧಿಕಾರಿಗಳದು. ಯಾಜ್ಞವಲ್ಕ್ಯನ ಪಟ್ಟಿಯಲ್ಲಿ ಕೊನೆಗೆ ಉಣ್ಣುವವಳನ್ನು ಮೊದಲು ಉಣಿಸುವ ತೊಡಕು ಹೀಗೆ ಸರ್ಕಾರದ ಸುತ್ತೋಲೆಯವರೆಗೂ ಬಂದು ನಿಂತಿತು.